ನನ್ನ ಹೆಂಡತಿಯ ಹೆಜ್ಜೆ ನಮಸ್ಕಾರ

ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬಸ್ ಕಂಡಕ್ಟರ್ ಆಗಿದ್ದವನು ನಾನು. ಕಂಬಿ ಹಿಡಿಯದೆ ನಿಂತುಕೊಳ್ಳುವುದು ನಮ್ಮ ಕಸುಬಿನ ಮೊದಲ ಪಾಠ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಹಿಡಿದುಕೊಳ್ಳುವುದಕ್ಕೆ ಮೂರನೆಯ ಕೈ ಎಲ್ಲಿಂದ ತರೋಣ? ಮಂಡಿ ಸಡಿಲ ಬಿಟ್ಟು, ಪಾದ ಅಗಲಿಸಿ, ಸೊಂಟವನ್ನು ಸೀಟಿನ ಅಂಚಿಗೆ ಆನಿಸಿಕೊಂಡುಬಿಟ್ಟರೆ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದು ಡ್ರೈವರ್ ಎಂಥಾ ಬ್ರೇಕ್ ಒತ್ತಿದರೂ ನಾನು ಜಗ್ಗುತ್ತಿರಲಿಲ್ಲ. ಬೀಳುವವರನ್ನು ಹಿಡಿಯುವುದೂ ನಮ್ಮದೇ ಕೆಲಸ. ಬಾಗಿಲಲ್ಲಿ ತೂಗಾಡುವ ಎಷ್ಟೋ ಜನರ ರೆಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದೇನೆ. ಆದ್ದರಿಂದ ನಿಲ್ಲುವುದು, ಬೀಳುವುದು, ಹಿಡಿಯುವುದು ಇವುಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ರಿಟೈರ್ ಆಗಿ ಮದ್ದೂರಿನ ಮನೆಯಲ್ಲಿ ಕೂತ ಮೇಲೆ, ಅದೂ ಕಟ್ಟಿಕೊಂಡ ಹೆಂಡತಿಯ ಕೈಯಲ್ಲೇ ಪಾಠ ಹೇಳಿಸಿಕೊಳ್ಳಬೇಕಾಯಿತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಇವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲಿಟ್ಟು ಜಾರಿ ಬಿದ್ದಳು. ನಾನು ಒಳಗೆ ಪೇಪರ್ ಓದುತ್ತಿದ್ದೆ. ಬಕೆಟ್ಟು ಉರುಳಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಬಕೆಟ್ಟು ಉರುಳಿದರೆ ಅದಕ್ಕೆ ಬೈಯುವ ಹೆಂಗಸು ಇವಳು. ಬೈಗುಳ ಕೇಳದಿದ್ದಾಗ ಪೇಪರ್ ಬಿಸಾಡಿ ಎದ್ದೆ. ಓಡಿಹೋಗಿ ನೋಡಿದರೆ ಬಲಗೈಯನ್ನು ಮೈಕೆಳಗೆ ಹಾಕಿಕೊಂಡು ಮಗ್ಗುಲಾಗಿ ಬಿದ್ದಿದ್ದಳು. ಮುಖ ಬೆಳ್ಳಗೆ ಬಿಳುಚಿಕೊಂಡಿತ್ತು. ನನ್ನನ್ನು ನೋಡಿದ ಕೂಡಲೇ ಅವಳು ಅಂದದ್ದು, "ಒಲೆ ಮ್ಯಾಲೆ ಆಲಿಟ್ಟಿವ್ನಿ ಕಣ್ರೀ, ಉಕ್ತದೆ, ನೋಡೋಗಿ."

"ಹಾಲಿನ ಮನೆ ಹಾಳಾಗ್ಲಿ ಕಣಮ್ಮಿ!" ಎಂದು ಕೂಗಿದೆ. ಕೂಗುತ್ತಲೇ ಅವಳ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದೆ.

ಮಣಿಕಟ್ಟು ಮುರಿದಿತ್ತು. ಮಂಡ್ಯಕ್ಕೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆ. ಕಾಲ ಕಳೆದು ಕಟ್ಟು ಬಿಚ್ಚಿದರು. ಮೂಳೆ ಕೂಡಿತ್ತು, ಧೈರ್ಯ ಕೂಡಲಿಲ್ಲ. ಬಿದ್ದದ್ದು ಕೈ ಮೇಲೆ, ಹೆದರಿದ್ದು ಕಾಲು. ಅಡುಗೆಮನೆಯಿಂದ ನಡುಮನೆಗೆ ಬರಬೇಕಾದರೂ ಗೋಡೆ ಸವರಿಕೊಂಡು ಬರುತ್ತಿದ್ದಳು. ಸುಣ್ಣ ಹೊಡೆದ ಗೋಡೆಯ ಮೇಲೆ ಅವಳ ಅಂಗೈ ಎತ್ತರಕ್ಕೆ ಮಾಸಲು ಗೆರೆಯೊಂದು ಮೂಡಿತು. ಎದುರು ಮನೆಯ ಗ್ಯಾರೇಜ್ ಮೆಕ್ಯಾನಿಕ್ಕನ ತಾಯಿ ಇವಳಿಗೆ ಬಹಳ ವರ್ಷದ ಗೆಳತಿ, ಇವಳಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರು. ಮಧ್ಯಾಹ್ನ ಊಟವಾದ ಮೇಲೆ ಬೀದಿ ದಾಟಿ ಆ ಮನೆಯ ಜಗಲಿಯಲ್ಲಿ ಕೂತು ಹರಟೆ ಹೊಡೆದು ಬಂದರೇ ಇವಳಿಗೆ ಸಮಾಧಾನ. ಅದೂ ನಿಂತುಹೋಯಿತು. ಹೋಗಲೇಬೇಕು ಅಂದರೆ ನಾನು ರೆಟ್ಟೆ ಹಿಡಿದು ದಾಟಿಸಬೇಕು, ಹರಟೆ ಮುಗಿಯುವ ತನಕ ಅಲ್ಲೇ ಇದ್ದು ವಾಪಸು ಕರೆದುಕೊಂಡು ಬರಬೇಕು. ಹಾಗೆ ಹೋಗಿಬಂದರೆ ಹರಟೆ ಏನು ಚೆಂದ? ಅಲ್ಲಿ ಅವಳು ಬೈಯುವುದಕ್ಕೆ ನಾನೊಬ್ಬನೇ ಇರುವುದು, ನಾನೇ ಪಕ್ಕದಲ್ಲಿ ನಿಂತಿರುತ್ತಿದ್ದೆ.

ಇವಳ ಹೆದರಿಕೆಗೆ ಕಾರಣ ನಮ್ಮ ಮನೆಯೊಳಗೇ ಇತ್ತು. ನನ್ನ ತಾಯಿ ಸೊಂಟ ಮುರಿದುಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಅವರಿಗೆ ಉಣ್ಣಿಸಿದ್ದು, ಒರೆಸಿದ್ದು, ಮಗ್ಗುಲು ಬದಲಿಸಿದ್ದು ಎಲ್ಲವೂ ಇವಳೇ. ನಾನು ಡ್ಯೂಟಿ ಡ್ಯೂಟಿ ಎಂದು ಬಸ್ಸು ಹತ್ತಿ ಹೋಗಿಬಿಡುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಇವಳು ತಟ್ಟೆ ನೋಡಿಕೊಂಡೇ ಅಂದಳು, "ಅತ್ತೆಗೆ ನಾನಿದ್ದೆ. ನಾನು ಅಂಗೆ ಮಲಿಕ್ಕಂಡ್ರೆ ನಂಗ್ಯಾರವ್ರೆ?"

"ನಾನಿಲ್ವಾ?" ಅಂದೆ.

"ನೀವಾ? ನೀವು ಕುಡ್ದ ಕಾಪಿ ಲೋಟ ಇವತ್ತಿಗೂ ಅಲ್ಲೇ ಕೂತದೆ, ನೋಡಿ."

ಲೋಟ ಅಲ್ಲೇ ಕೂತಿತ್ತು. ಎದ್ದು ತೊಳೆದಿಟ್ಟೆ. ಅವಳು ನಗಲಿಲ್ಲ.

ಇದರ ಜೊತೆಗೆ ಒಂದು ಹರಕೆ ಬೇರೆ. ಅವಳು ಬಿದ್ದದ್ದರ ಹಿಂದಿನ ವರ್ಷ ನನಗೆ ಎದೆನೋವು ಬಂದು ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡಾಗ, ಗಂಡ ಬದುಕಿ ಮನೆಗೆ ಬಂದರೆ ಚಿಕ್ಕರಸಿನಕೆರೆ ದೇವಸ್ಥಾನದಲ್ಲಿ ಹೆಜ್ಜೆ ನಮಸ್ಕಾರ ಹಾಕುತ್ತೇನೆ ಎಂದು ಇವಳು ಹೊತ್ತುಕೊಂಡಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಿಂದು ಒದ್ದೆ ಸೀರೆಯಲ್ಲಿ, ಎದೆಯ ಮುಂದೆ ಕೈ ಮುಗಿದುಕೊಂಡು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಹೆಬ್ಬೆರಳಿಗೆ ತಾಗಿಸಿ ಇಡುತ್ತಾ ದೇವಸ್ಥಾನದ ಸುತ್ತ ಬರಬೇಕು. ನಡುವೆ ಎಡೆ ಬಿಡುವ ಹಾಗಿಲ್ಲ. ಇವಳ ತೌರುಮನೆಯ ಕ್ರಮದ ಪ್ರಕಾರ ಯಾರನ್ನೂ ಮುಟ್ಟುವ ಹಾಗಿಲ್ಲ, ಯಾರೂ ಇವಳನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೊದಲಿಂದ ಶುರು. ಇವತ್ತು ನಾಳೆ ಎನ್ನುತ್ತಾ ಇರುವಾಗಲೇ ಬಿದ್ದಳು. ಹರಕೆ ತಡವಾಯಿತಲ್ಲ, ಅದಕ್ಕೇ ಬಿದ್ದೆ ಎಂದು ಬೇರೆ ತಲೆಗೆ ತುಂಬಿಕೊಂಡಳು.

ನನಗೆ ರೇಗಿಹೋಯಿತು. "ದೇವರಿಗೇನು ಬೇರೆ ಕೆಲಸ ಇಲ್ವಾ, ನಮ್ಮ ಹಿತ್ತಲಿಗೆ ಬಂದು ನಿನ್ನ ಕಾಲು ಎಳೆಯೋಕೆ? ಪಾಚಿ ಉಜ್ಜದೇ ಬಿಟ್ಟಿದ್ದು ನಾನು. ಬೇಕಾದ್ರೆ ಹರಕೆ ನಾನೇ ತೀರಿಸ್ತೀನಿ ಬುಡು. ನನ್ನ ಜೀವಕ್ಕೆ ತಾನೇ ಹೊತ್ತಿದ್ದು?"

"ನಿಮ್ ಜೀವಕ್ಕೆ ಒತ್ಕೊಂಡು ನಿಮ್ ಕೈಲೇ ಮಾಡ್ಸಿದ್ರೆ ಅದೂ ಒಂದು ಅರಕೆನಾ? ಸುಮ್ಕಿರಿ. ನಾನೇ ಹಾಕ್ಬೇಕು," ಅಂದಳು. ಅಂದವಳು ಗೋಡೆ ಹಿಡಿದುಕೊಂಡೇ ಒಳಗೆ ಹೋದಳು. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾರದವಳು ದೇವಸ್ಥಾನ ಸುತ್ತುವುದು ಹೇಗೆ? ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಕೊರಗುತ್ತಿದ್ದಳು.

ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದೇವೆ. ಅವಳು ಬಂದು ಗೋಡೆಯ ಗೆರೆ ನೋಡಿ, ಮಂಡ್ಯದಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಮೇಡಂ ಹತ್ತಿರ ಹೋಗಲೇಬೇಕು ಎಂದು ಹಟ ಹಿಡಿದಳು. ಹೋದೆವು. ಮೇಡಂಗೆ ನಲವತ್ತರ ಆಸುಪಾಸು, ಮಾತು ಕಡಿಮೆ. ಇವಳನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಏಳಿ ಅಂದರು. ಇವಳು ಏಳುವ ಮೊದಲೇ ನಾನು ಅಭ್ಯಾಸಬಲದಿಂದ ರೆಟ್ಟೆಗೆ ಕೈಹಾಕಿ ಎತ್ತಿಬಿಟ್ಟೆ.

"ಸರ್, ನೀವೇ ಎತ್ತಿಬಿಟ್ಟರೆ ಅವರ ಕಾಲಿಗೆ ಏನು ಕೆಲಸ ಉಳಿಯಿತು?" ಅಂದರು ಮೇಡಂ.

"ನೀವು ಯೋಳ್ತೀರಿ ಮೇಡಂ, ಬಿದ್ರೆ?" ಅಂದೆ ನಾನು.

"ಬೀಳದ ಹಾಗೆ ಪಕ್ಕದಲ್ಲಿ ನಿಂತಿರಿ. ಕೈ ಹತ್ತಿರ ಇರಲಿ, ಮುಟ್ಟಬೇಡಿ. ನೀವು ಹಿಡಿದುಕೊಂಡಷ್ಟೂ ಅವರ ಕಾಲು ನಿಮ್ಮನ್ನೇ ನಂಬಿಕೊಳ್ಳುತ್ತೆ."

ನಾನು ಕಂಡಕ್ಟರ್ ಆಗಿದ್ದವನು, ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವನು ಎಂದೆಲ್ಲ ಹೇಳಿಕೊಂಡೆ. ಆಕೆ ತಾಳ್ಮೆಯಿಂದ ಕೇಳಿ, "ಹಾಗಾದರೆ ಒಂದೇ ಕಾಲಲ್ಲಿ ನಿಂತು ತೋರಿಸಿ ಸರ್," ಅಂದರು. ಇದೇನು ಮಹಾ ಎಂದು ಎಡಗಾಲು ಎತ್ತಿದೆ. ಎತ್ತಿದ್ದೇ ತಡ, ಬುಡ ಕಡಿದ ಬಾಳೆಗಿಡದ ಹಾಗೆ ವಾಲಿ ಮೇಜು ಹಿಡಿದುಕೊಂಡೆ. ಮೇಜಿನ ಮೇಲಿದ್ದ ನೀರಿನ ಬಾಟಲಿ ಉರುಳಿತು.

"ಬಸ್ಸಲ್ಲಿ ಎರಡು ಕಾಲಲ್ಲಿ ನಿಲ್ತಿದ್ದೆ ಮೇಡಂ," ಅಂದೆ.

ನನ್ನ ಹೆಂಡತಿ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಇನ್ನೊಂದು ಸಲ ಬೀಳು ಅಂದಿದ್ದರೂ ನಾನು ಅಲ್ಲೇ ಬೀಳುತ್ತಿದ್ದೆ.

ಮೇಡಂ ಹೇಳಿಕೊಟ್ಟದ್ದು ದೊಡ್ಡ ಕಸರತ್ತೇನಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಅಡುಗೆ ಕಟ್ಟೆ ಹತ್ತಿರ ನಿಂತು ಹಿಮ್ಮಡಿ ಎತ್ತುವುದು. ಕಟ್ಟೆಗೆ ಬೆರಳು ತಾಗಿಸಿಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು. ಕೊನೆಯದಾಗಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದೇ ಗೆರೆಯ ಮೇಲೆ ನಡೆದ ಹಾಗೆ ನಡೆಯುವುದು. ಉಳಿದದ್ದನ್ನೆಲ್ಲ ಇವಳು ಗೊಣಗಿಕೊಂಡಾದರೂ ಮಾಡಿದಳು. ಆ ಕೊನೆಯದು ಬಂದಾಗ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಳು. ಬಸ್ಸಿನಲ್ಲಿ ವಾಪಸು ಬರುವಾಗ ಬಾಯಿಬಿಟ್ಟಳು.

"ಅದು ದೇವ್ರ ಎಜ್ಜೆ ಕಣ್ರೀ. ಅರಕೆ ಒತ್ತಿರೋ ಎಜ್ಜೆನ ಮುಸುರೆ ತೊಳ್ಯೋ ಜಾಗದಲ್ಲಿ ಇಡಾದಾ? ನಾನು ಇಡಾಕಿಲ್ಲ."

"ಲೇ, ಇದು ದೇವರ ಹೆಜ್ಜೆ ಅಲ್ಲ ಕಣೇ, ಡಾಕ್ಟರ ಹೆಜ್ಜೆ!"

"ನೋಡಾಕೆ ಒಂದೇ ತರ ಅದಲ್ಲ? ದೇವ್ರು ನೋಡಿ ಏನಂದ್ಕೋತಾನೆ? ಇಲ್ಲಿ ಇಟ್ಬುಟ್ಲಲ್ಲ, ಇನ್ನು ಅಲ್ಲಿಗೆ ಬರಾಕಿಲ್ಲ ಅಂದ್ಕೋತಾನೆ."

ಎಂಥಾ ಇಕ್ಕಟ್ಟು ನೋಡಿ! ದೇವಸ್ಥಾನದಲ್ಲಿ ಆ ಹೆಜ್ಜೆ ಇಡಬೇಕಾದರೆ ಮನೆಯಲ್ಲಿ ಅಭ್ಯಾಸ ಆಗಬೇಕು; ಅಭ್ಯಾಸ ಮಾಡೋಣ ಅಂದರೆ ದೇವಸ್ಥಾನದ ಹೆಜ್ಜೆ ಮನೆಯಲ್ಲಿ ಇಡಬಾರದು. ಮನೆಗೆ ಬಂದ ಮೇಲೂ ನಾನು ಕೂಗಾಡಿದೆ. ಅವಳು ಜಪ್ಪಯ್ಯ ಅಂದರೂ ಕೇಳಲಿಲ್ಲ. ನಮ್ಮ ಗಲಾಟೆ ಎದುರು ಮನೆಗೆ ಕೇಳಿಸಿ ಮೆಕ್ಯಾನಿಕ್ಕನ ತಾಯಿ ಬಂದರು. ಎರಡೂ ಕಡೆಯ ದೂರು ಕೇಳಿಸಿಕೊಂಡು ಇವಳ ಪಕ್ಕ ಕೂತರು.

"ನೋಡು ತಂಗಿ, ನನಗೆ ಮಂಡಿನೋವು. ನೆಲಕ್ಕೆ ಬಗ್ಗೋಕಾಗಲ್ಲ, ಕುರ್ಚಿ ಮೇಲೆ ಕೂತೇ ನಮಾಜು ಮಾಡ್ತೀನಿ. ಅಡುಗೆಮನೆ ಪಕ್ಕದಲ್ಲೇ ಮಾಡ್ತೀನಿ. ಅಲ್ಲಾ ಬೇಡ ಅಂದನಾ? ಜಾಗ ಶುದ್ಧ ಇದ್ರೆ ಆಯ್ತು, ಮನಸ್ಸು ಶುದ್ಧ ಇದ್ರೆ ಆಯ್ತು. ನಿಮ್ಮ ದೇವರು ನಿಮ್ಮ ಯಜಮಾನರಷ್ಟು ಮುಂಗೋಪಿ ಅಲ್ಲ ಬಿಡು."

ಆ ಕೊನೆಯ ಮಾತು ಬೇಕಾಗಿರಲಿಲ್ಲ. ಆದರೂ ಕೆಲಸ ಅದರಿಂದಲೇ ಆಯಿತು. ಮಾರನೆಯ ದಿನ ಇವಳು ತಲೆಗೆ ಎರೆದುಕೊಂಡು, ಅಡುಗೆಮನೆಯಿಂದ ದೇವರ ಗೂಡಿನವರೆಗಿನ ಓಣಿಯಂಥ ಜಾಗವನ್ನು ಒರೆಸಿ, ರಂಗೋಲಿಯ ಎರಡು ಎಳೆ ಎಳೆದು, ಗೋಡೆಗೆ ಬೆರಳು ತಾಗಿಸಿಕೊಂಡು ಆ ಹೆಜ್ಜೆ ಇಟ್ಟಳು. ಮುಖವೆಲ್ಲ ಬೆವರು. ಅವಳ ಪಾದಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಬಿರುಕು ಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ, ನೆಲವನ್ನು ಕಚ್ಚಿ ಹಿಡಿದುಕೊಳ್ಳಲು ಒದ್ದಾಡುತ್ತಿರುವ ಬೆರಳುಗಳು.

ಮಿಂದು ಆ ಹೆಜ್ಜೆ ಮುಗಿಸುವ ತನಕ ಒಲೆ ಹಚ್ಚುವುದಿಲ್ಲ ಎಂದು ಅವಳೇ ನಿಯಮ ಮಾಡಿಕೊಂಡಿದ್ದರಿಂದ ಬೆಳಗಿನ ಕಾಫಿ ನನ್ನ ಪಾಲಿಗೆ ಬಂತು. ಖಾಲಿ ಹೊಟ್ಟೆಯಲ್ಲಿ ಕಸರತ್ತು ಬೇಡವೇ ಬೇಡ, ತಲೆ ಸುತ್ತುತ್ತದೆ ಎಂದು ಮೇಡಂ ಫೋನಿನಲ್ಲಿ ಗದರಿದ ಮೇಲೆ ಹಾಲು ಬಾಳೆಹಣ್ಣಿಗೆ ದೋಷವಿಲ್ಲ ಎಂದು ಒಪ್ಪಿಕೊಂಡಳು. ಹಾಲು ಕಾಯಿಸುವವನು ನಾನು, ಕಾಫಿ ಬೆರೆಸುವವನು ನಾನು. ಮೊದಮೊದಲು ಅವಳು ಒಂದು ಗುಟುಕು ಕುಡಿದು, "ಇದೇನ್ರೀ, ಕಾಲ್ ತೊಳ್ದ ನೀರಾ?" ಎಂದು ಲೋಟ ಕೆಳಗಿಡುತ್ತಿದ್ದಳು. ಬರಬರುತ್ತಾ ಸುಮ್ಮನೆ ಕುಡಿದಳು. ಅದನ್ನೇ ನಾನು ಹೊಗಳಿಕೆ ಎಂದು ಇಟ್ಟುಕೊಂಡೆ.

ಬೆರಳು ಗೋಡೆ ಬಿಟ್ಟಿತು ಅಂದರೆ ನಂಬಬೇಕು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆ ಮುಟ್ಟದೆ ದೇವರ ಗೂಡು ತಲುಪಿದಳು. ಮಾರನೆಯ ದಿನ ಮತ್ತೆ ಹಿಡಿದುಕೊಂಡಳು. ಒಂದು ವಾರ ಜ್ವರ ಬಂದು ಮಲಗಿ ಎದ್ದಾಗ ಎಲ್ಲ ಮರೆತವಳ ಹಾಗೆ ಆದಳು. ಮತ್ತೆ ಶುರು ಮಾಡಿದಳು. ನನ್ನ ಕೈ ಮಾತ್ರ ಬಿಡಲಿಲ್ಲ. ಹೊರಗೆ ಹೊರಟರೆ ಸಾಕು, ರೆಟ್ಟೆಗೆ ಹೋಗುತ್ತಿತ್ತು. ಬೈಸಿಕೊಂಡ ಮೇಲೆ ಒಂದು ಉಪಾಯ ಮಾಡಿದೆ: ಅವಳಿಗೆ ತಿಳಿಯದ ಹಾಗೆ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ತರಕಾರಿ ಅಂಗಡಿಯ ಮುಂದೆ ಅವಳು ತಟ್ಟನೆ ತಿರುಗಿ ನೋಡಿದಳು.

"ಸಂತೆಯಿಂದ ದನ ಇಡ್ಕೊಂಡು ಬರಂಗೆ ಇಡ್ಕೊಂಡಿದೀರಲ್ರೀ! ಬುಡ್ರಿ!" ಅಂಗಡಿಯವನು ಬದನೆಕಾಯಿ ತೂಗುವುದನ್ನು ಬಿಟ್ಟು ನಕ್ಕ. ಸೆರಗು ಬಿಟ್ಟೆ. ತರಕಾರಿ ಚೀಲ ಹಿಡಿದುಕೊಂಡು ನಾಲ್ಕು ಮಾರು ಹಿಂದೆ ನಡೆದೆ.

ಯುಗಾದಿ ಆದ ಮೇಲೆ, ಬಿಸಿಲು ಏರುವ ಮುಂಚೆ ಹೋಗಿ ಹರಕೆ ತೀರಿಸಿಬಿಡೋಣ ಎಂದು ಅವಳೇ ದಿನ ಗೊತ್ತು ಮಾಡಿದಳು. ಜನ ಕಡಿಮೆ ಇರುವ ದಿನ. ಮೇಡಂ ಕೂಡ ಹೋಗಿಬನ್ನಿ ಅಂದರು. ಹಿಂದಿನ ದಿನವೆಲ್ಲ ನಾನು ಏನೇನೋ ನೆಪ ತೆಗೆದೆ. ಬಿಸಿಲು ಅಂದೆ, ಕಲ್ಲುಹಾಸು ಸಮ ಇಲ್ಲ ಅಂದೆ, ಮಗಳು ಬರಲಿ ಅಂದೆ. ಅವಳು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಬೆಳಗಿನ ಬಸ್ಸಿಗೆ ಹೋದೆವು. ದೇವಸ್ಥಾನದ ಹಿಂದಿನ ನಲ್ಲಿಯಲ್ಲಿ ಅವಳು ನೀರು ಹುಯ್ದುಕೊಂಡು, ಮುಂಬಾಗಿಲಿಗೆ ಬಂದು ಕೈ ಮುಗಿದು ಮೊದಲ ಹೆಜ್ಜೆ ಇಟ್ಟಳು. ನಾನು ಎರಡೂ ಕೈ ಚಾಚಿಕೊಂಡು, ಕೋಳಿ ಹಿಡಿಯುವವನ ಹಾಗೆ ಬಗ್ಗಿಕೊಂಡು ಅವಳ ಮಗ್ಗುಲಲ್ಲೇ ನಡೆದೆ. ನೋಡುವವರು ನಕ್ಕರೆ ನಗಲಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಹಿಮ್ಮಡಿ, ಹೆಬ್ಬೆರಳು, ಹಿಮ್ಮಡಿ, ಹೆಬ್ಬೆರಳು. ಅವಳ ತುಟಿ ಏನೋ ಅನ್ನುತ್ತಿತ್ತು. ಎಡಗಡೆಯ ಗೋಡೆ ಮುಗಿದು ಹಿಂಬದಿಗೆ ತಿರುಗಿದೆವು. ಅಲ್ಲಿ ಅಭಿಷೇಕದ ನೀರು ಹೊರಗೆ ಬಂದು ಹರಿಯುವ ಜಾಗ, ಕಲ್ಲು ಒದ್ದೆಯಾಗಿತ್ತು. ಅವಳ ಬಲಗಾಲು ಸ್ವಲ್ಪ ಜಾರಿತು. ಮೈ ಒಂದು ಕಡೆಗೆ ವಾಲಿತು.

ನಾನು ಗಬಕ್ಕನೆ ಅವಳ ರೆಟ್ಟೆ ಹಿಡಿದೆ.

ಅವಳು ಅಲ್ಲಾಡಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಗಾಗಿತ್ತು. "ಯಾಕ್ರೀ ಮುಟ್ಟುದ್ರಿ?"

"ಬೀಳ್ತಿದ್ದೆ ಕಣೇ!"

"ಎಲ್ ಬೀಳ್ತಿದ್ದೆ? ನೋಡ್ರಿ ಕಾಲಾ."

ನೋಡಿದೆ. ಎಡಗಾಲು ಪಕ್ಕಕ್ಕೆ ಬಂದು ಗಟ್ಟಿಯಾಗಿ ಊರಿಕೊಂಡಿತ್ತು, ಮಂಡಿ ಸಡಿಲವಾಗಿತ್ತು. ಕೈ ಮುಗಿದದ್ದು ಮುಗಿದ ಹಾಗೇ ಇತ್ತು. ನಾನು ಹಿಡಿಯುವ ಮೊದಲೇ ಅವಳು ತನ್ನಷ್ಟಕ್ಕೆ ತಾನು ನಿಂತಾಗಿತ್ತು.

"ನಾನು ನಿಂತಿದ್ದೆ ಕಣ್ರೀ," ಅಂದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. "ಇಷ್ಟ್ ದಿನ ಮಾಡಿದ್ದು ನಿಲ್ಲಾಕೆ ತಾನೆ? ನಿಂತಿದ್ದೆ."

ಅಲ್ಲೇ ಹೂವಿನ ಕಸ ಎಸೆಯಲು ಬಂದಿದ್ದ ಅರ್ಚಕರು ನಮ್ಮನ್ನು ನೋಡಿ, "ಪರವಾಗಿಲ್ಲ ತಾಯಿ, ಇಲ್ಲಿಂದಲೇ ಮುಂದುವರಿಸಿ. ದೇವರು ಒಪ್ಪಿಕೊಳ್ತಾನೆ," ಅಂದರು.

"ಇಲ್ಲ ಸ್ವಾಮಿ, ಮೊದ್ಲಿಂದ," ಅಂದಳು. ನನ್ನ ಕಡೆ ನೋಡದೆಯೇ, "ನೀವು ಮುಂದ್ಗಡೆ ಜಗಲಿ ಮ್ಯಾಲೆ ಕೂತ್ಕೊಳ್ಳಿ. ಇಂದೆ ಬರ್ಬ್ಯಾಡಿ," ಅಂದಳು.

ಹೋಗಿ ಕೂತೆ. ಅವಳು ಮತ್ತೆ ನೀರು ಹುಯ್ದುಕೊಂಡು ಬಂದು ಮುಂಬಾಗಿಲಿನಿಂದ ಶುರು ಮಾಡಿದಳು. ಎಡಗಡೆಯ ಗೋಡೆಯ ಉದ್ದಕ್ಕೂ ಅವಳ ಬೆನ್ನು ಕಾಣಿಸುತ್ತಿತ್ತು. ಮೂಲೆ ತಿರುಗಿದಳು. ಆಮೇಲೆ ಕಾಣಿಸಲಿಲ್ಲ. ಒದ್ದೆ ಕಲ್ಲು ಇದ್ದದ್ದು ಅಲ್ಲೇ. ನಾನು ಎದ್ದು ನಿಂತೆ. ಮತ್ತೆ ಕೂತೆ. ಜನ ಬಂದರು, ಹಣ್ಣುಕಾಯಿ ಮಾಡಿಸಿಕೊಂಡು ಹೋದರು. ನನಗೆ ಯಾವುದೂ ಬೇಡವಾಗಿತ್ತು. ನಿಜ ಹೇಳಬೇಕೆಂದರೆ, ಅಷ್ಟು ದಿನವೂ ಬೀಳುವ ಹೆದರಿಕೆ ಅವಳದು, ಹಿಡಿಯುವ ಧೈರ್ಯ ನನ್ನದು ಎಂದುಕೊಂಡಿದ್ದೆ. ಆ ಜಗಲಿಯ ಮೇಲೆ ಕೂತಾಗ ಗೊತ್ತಾಯಿತು, ಹೆದರಿದ್ದು ನಾನು. ಅವಳಿಗೆ ಏನಾದರೂ ಆದರೆ ಆ ಮನೆಯಲ್ಲಿ ನಾನು ಒಬ್ಬನೇ ಹೇಗೆ ಇರಲಿ ಎಂದು ಹೆದರಿ, ನನ್ನ ಆಸರೆಗೆ ಅವಳ ರೆಟ್ಟೆ ಹಿಡಿದುಕೊಂಡಿದ್ದೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಲಗಡೆಯ ಮೂಲೆಯಲ್ಲಿ ಮೊದಲು ಮುಗಿದ ಕೈ ಕಾಣಿಸಿತು, ಆಮೇಲೆ ಅವಳು. ಮುಖ ಬಾಡಿತ್ತು, ಕೂದಲು ಕೆನ್ನೆಗೆ ಅಂಟಿತ್ತು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿಕೊಂಡು ಬಂದಳು, ಬಂದಳು, ಮುಂಬಾಗಿಲಿಗೆ ಬಂದು ನಿಂತು ಹಣೆ ನೆಲಕ್ಕೆ ಮುಟ್ಟಿಸಿದಳು. ಕೈ ಊರಿ, ಒಂದು ಕಾಲು ಮುಂದಕ್ಕೆ ತಂದು, ತಾನಾಗಿಯೇ ಎದ್ದಳು. ಆಮೇಲೆ ನನ್ನ ಹತ್ತಿರ ಬಂದಳು.

"ಇದೇನ್ರೀ, ಅಳ್ತಾ ಕೂತಿದೀರಿ? ನಾನೇನ್ ಬಿದ್ದೋದ್ನಾ?"

"ಬಿದ್ದಿದ್ರೆ ನಾನೇನು ಮಾಡಬೇಕಿತ್ತು, ಹೇಳು?" ಅಂದೆ. ಎಲ್ಲರ ಎದುರಿಗೂ ಮೂಗು ಒರೆಸಿಕೊಂಡೆ.

ಅವಳು ನನ್ನ ಪಕ್ಕದಲ್ಲಿ ಕೂತಳು, ಸೆರಗು ಹಿಂಡಿಕೊಂಡಳು. "ಬಿದ್ರೆ ಬಂದು ಎತ್ತಿ. ಬ್ಯಾಡ ಅನ್ನಾಕಿಲ್ಲ. ಬೀಳಾಕೆ ಮುಂಚೆನೇ ಇಡ್ಕೋಬ್ಯಾಡಿ."

ಆಯ್ತು ಕಣಮ್ಮಿ ಅಂದೆ. ಅನ್ನುವುದಕ್ಕೆ ಕಷ್ಟವಾಯಿತು, ಆದರೂ ಅಂದೆ.